ಹೊಸ ನರಕೋಶ ಹುಟ್ಟುತ್ತದೆಯೇ? – ಒಂದು ಸಾಲಿನ ನೂರು ವರ್ಷಗಳ ಕಥೆ

ನರವ್ಯೂಹದ ಪಾಠ ಮಾಡುವಾಗ ಪ್ರತಿವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ. ಕೈ ಕೊಯ್ದುಕೊಂಡರೆ ಚರ್ಮ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ರಕ್ತದಾನ ಮಾಡಿದರೆ ಕೆಲವು ವಾರಗಳಲ್ಲಿ ರಕ್ತ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾದರೆ ಮಿದುಳು? ಪಕ್ಷವಾತವಾಗಿ ಮಾತು ಬಿದ್ದುಹೋದ ಅಜ್ಜ ಇರುವ ಮನೆಯ ಮಗು ಇದನ್ನು ಕೇಳಿದಾಗ ಅದು ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹಳೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿತ್ತು: ನರಕೋಶಗಳು ವಿಭಜನೆಯಾಗುವುದಿಲ್ಲ, ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದಿಲ್ಲ. ಈ ಸಾಲು ಎಲ್ಲಿಂದ ಬಂತು? ಅದನ್ನು ಪ್ರಶ್ನಿಸಿದವರು ಯಾರು, ಅವರಿಗೆ ಏನಾಯಿತು? ಇವತ್ತು ಆ ಸಾಲಿನಲ್ಲಿ ಉಳಿದಿರುವುದೆಷ್ಟು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ ಒಂದು ಪದದ ವಿಚಾರ. ಸ್ಟೆಮ್ ಸೆಲ್ ಎಂಬುದಕ್ಕೆ ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಕಾಂಡ ಎಂದೊಡನೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಗಿಡದ ಕಾಂಡ ನೆನಪಾಗುತ್ತದೆ. ಆದ್ದರಿಂದ ಇಲ್ಲಿ ಆಕರಕೋಶ ಎಂದೇ ಬಳಸುತ್ತೇವೆ. ನಮ್ಮ ತೋಟದ ಬಾಳೆಗಡ್ಡೆಯನ್ನು ನೆನೆದುಕೊಂಡರೆ ಸಾಕು. ಗಡ್ಡೆ ತಾನು ಮಣ್ಣಿನೊಳಗೆ ಉಳಿದುಕೊಳ್ಳುತ್ತದೆ, ಪಕ್ಕದಲ್ಲಿ ಕಂದು ಹುಟ್ಟಿಸುತ್ತದೆ. ಆಕರಕೋಶದ ಕೆಲಸವೂ ಹಾಗೆಯೇ. ಅದು ವಿಭಜನೆಯಾದಾಗ ಒಂದು ಪಾಲು ಆಕರಕೋಶವಾಗಿಯೇ ಉಳಿಯುತ್ತದೆ, ಇನ್ನೊಂದು ಪಾಲು ಬೇರೆ ಕೋಶವಾಗಿ ಬೆಳೆಯಲು ಹೊರಡುತ್ತದೆ.

ಕಹಾಲ್ ಹಾಕಿದ ಬೀಗ

ನಮ್ಮ ಕಥೆ ಸ್ಪೇನ್ ದೇಶದಿಂದ ಆರಂಭವಾಗುತ್ತದೆ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕೊಡುವ ವಿಧಾನವನ್ನು ಪ್ರಕಟಿಸಿದ್ದರು. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ 1887ರಲ್ಲಿ ಆ ವಿಧಾನವನ್ನು ಕಂಡವರು ಅದನ್ನು ಸುಧಾರಿಸಿ, ಸೂಕ್ಷ್ಮದರ್ಶಕದ ಮುಂದೆ ವರ್ಷಾನುಗಟ್ಟಲೆ ಕುಳಿತು ನರಕೋಶಗಳ ಚಿತ್ರ ಬರೆದರು. ಮಿದುಳು ಒಂದೇ ಎಡೆಬಿಡದ ಬಲೆಯಲ್ಲ, ಬಿಡಿಬಿಡಿ ನರಕೋಶಗಳಿಂದಾದದ್ದು ಎಂದು ಸಾರಿದವರು ಅವರೇ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಹುಮಾನ ಬಂತು.

ಕಹಾಲ್ 1913–14ರಲ್ಲಿ ನರವ್ಯೂಹದ ಅಳಿವು ಮತ್ತು ಮರುಬೆಳವಣಿಗೆಯ ಬಗ್ಗೆ ಎರಡು ಸಂಪುಟಗಳ ಗ್ರಂಥ ಹೊರತಂದರು. ಬೆಳೆದ ಪ್ರಾಣಿಯ ಮಿದುಳಿನಲ್ಲಿ ನರಮಾರ್ಗಗಳು ಸ್ಥಿರ, ಅಲ್ಲಿ ಸಾವು ಉಂಟು, ಮರುಹುಟ್ಟಿಲ್ಲ ಎಂಬುದು ಅದರ ತೀರ್ಮಾನದ ಸಾರ. ಇದು ಸುಮ್ಮನೆ ಹೇಳಿದ ಮಾತಲ್ಲ. ಉದ್ದದ ತಂತು, ನೂರಾರು ಕವಲುಗಳಿರುವ ನರಕೋಶ ಇಬ್ಭಾಗವಾಗುವುದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಅರ್ಧ ಬೆಳೆದ ಎಳೆಯ ನರಕೋಶಗಳೂ ಬೆಳೆದ ಮಿದುಳಿನಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಕಾಲದ ಸಾಧನಗಳಲ್ಲಿ ಅದಕ್ಕಿಂತ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟವಿತ್ತು. ಈ ಕಠಿಣ ತೀರ್ಪನ್ನು ಸಾಧ್ಯವಾದರೆ ಮುಂದಿನ ಕಾಲದ ವಿಜ್ಞಾನ ಬದಲಿಸಲಿ ಎಂಬ ಆಶಯವನ್ನೂ ಅವರು ಅಲ್ಲಿಯೇ ಸೇರಿಸಿದ್ದರು. ಬೀಗ ಹಾಕಿದವರೇ ಬೀಗದಕೈಯನ್ನು ಬಾಗಿಲ ಮೇಲೆ ಇಟ್ಟು ಹೋಗಿದ್ದರು! ನಂತರ ಬಂದವರು ಬೀಗವನ್ನಷ್ಟೇ ನೋಡಿದರು.

ಕಪ್ಪು ಚುಕ್ಕೆಗಳ ಸಾಕ್ಷಿ

1950ರ ದಶಕದಲ್ಲಿ ಹೊಸ ಉಪಾಯವೊಂದು ಬಂತು. ಯಾವುದೇ ಕೋಶ ವಿಭಜನೆಯಾಗುವ ಮೊದಲು ತನ್ನ ಡಿಎನ್‌ಎಯ ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಬೇಕಾದ ಸಾಮಗ್ರಿಗಳಲ್ಲಿ ಥೈಮಿಡಿನ್ ಒಂದು. ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿದ ಥೈಮಿಡಿನನ್ನು ಪ್ರಾಣಿಗೆ ಚುಚ್ಚಿದರೆ, ಆ ಹೊತ್ತಿಗೆ ವಿಭಜನೆಗೆ ಸಿದ್ಧವಾಗುತ್ತಿರುವ ಕೋಶಗಳು ಮಾತ್ರ ಅದನ್ನು ತಮ್ಮ ಡಿಎನ್‌ಎಗೆ ಸೇರಿಸಿಕೊಳ್ಳುತ್ತವೆ. ಮುಂದೆ ಮಿದುಳಿನ ತೆಳುವಾದ ಸೀಳುಗಳ ಮೇಲೆ ಛಾಯಾಚಿತ್ರದ ಲೇಪ ಹಚ್ಚಿ ಕತ್ತಲಲ್ಲಿಟ್ಟರೆ ಆ ಕೋಶಗಳ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಒಂದು ನರಕೋಶದ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಅದು ಚುಚ್ಚುಮದ್ದಿನ ನಂತರ ಹುಟ್ಟಿದ ಕೋಶ ಎಂದರ್ಥ. ಒಂದು ರೀತಿಯಲ್ಲಿ ಕೋಶದ ಜನನ ಪ್ರಮಾಣಪತ್ರ!

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜೋಸೆಫ್ ಆಲ್ಟ್‌ಮನ್ ಬೆಳೆದ ಇಲಿಗಳಲ್ಲಿ ಇದನ್ನು ಪ್ರಯೋಗಿಸಿದರು. 1962ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಒಂದು ಪ್ರಶ್ನೆಯಾಗಿತ್ತು: ಬೆಳೆದ ಸಸ್ತನಿಗಳ ಮಿದುಳಿನಲ್ಲಿ ಹೊಸ ನರಕೋಶಗಳು ಉಂಟಾಗುತ್ತವೆಯೇ ಎಂದು. 1965ರಲ್ಲಿ ಗೋಪಾಲ ದಾಸ್ ಅವರೊಡನೆ ಸೇರಿ ಬರೆದ ಪ್ರಬಂಧದಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಹುಟ್ಟಿದ ನಂತರವೂ ನರಕೋಶಗಳು ಉಂಟಾಗುತ್ತವೆ ಎಂಬುದಕ್ಕೆ ಸಾಕ್ಷ್ಯ ಕೊಟ್ಟರು. 1969ರಲ್ಲಿ ವಾಸನೆ ಗ್ರಹಿಸುವ ಘ್ರಾಣಗೋಳದ ಸರದಿ. ಮಿದುಳಿನ ಒಳಗಿನಿಂದ ಹೊಸ ಕೋಶಗಳು ಅಲ್ಲಿಗೆ ಸಾಗಿ ಬರುವುದನ್ನು ಆಲ್ಟ್‌ಮನ್ ವಿವರಿಸಿದರು.

ಇದಕ್ಕೆ ಸಿಕ್ಕ ಉತ್ತರ ವಿರೋಧಕ್ಕಿಂತ ಹೆಚ್ಚಾಗಿ ಮೌನ. ಚುಕ್ಕೆ ಬಿದ್ದಿರುವುದು ನರಕೋಶವೋ, ಅದಕ್ಕೆ ಆಸರೆ ಕೊಡುವ ಗ್ಲಯಾ ಕೋಶವೋ ಎಂಬುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಖಚಿತವಾಗುವುದಿಲ್ಲ ಎಂದರು. ನರಕೋಶವೇ ಎಂದಾದರೂ ಅದರ ತಾಯಿಕೋಶ ಯಾವುದು, ಅದಕ್ಕೆ ಹುಟ್ಟು ಎಂದು ಹೇಳಿದವರು ಯಾರು ಎಂಬುದಕ್ಕೆ ಆಗ ಉತ್ತರವಿರಲಿಲ್ಲ. ಆಲ್ಟ್‌ಮನ್ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಎಳೆಯ ಮಿದುಳು ಹೇಗೆ ರೂಪುಗೊಳ್ಳುತ್ತದೆ ಎಂಬ ಅಧ್ಯಯನದಲ್ಲಿ ತೊಡಗಿಕೊಂಡರು.

1977ರಲ್ಲಿ ಬಾಸ್ಟನ್‌ನ ಮೈಕೆಲ್ ಕಪ್ಲಾನ್, ಜೇಮ್ಸ್ ಹೈಂಡ್ಸ್ ಅವರೊಡನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಚುಕ್ಕೆ ಬಿದ್ದ ಕೋಶಗಳಿಗೆ ನರಕೋಶದ ಲಕ್ಷಣಗಳೇ ಇವೆ ಎಂದು ತೋರಿಸಿದರು. ಮೊದಲ ಆಕ್ಷೇಪಕ್ಕೆ ಇದು ಉತ್ತರವೇ ಆಗಿತ್ತು. ಆದರೂ ಅವರ ಮಾತನ್ನು ಕೇಳುವವರು ಸಿಗಲಿಲ್ಲ. ಕಪ್ಲಾನ್ ಕೊನೆಗೆ ಆ ಸಂಶೋಧನೆಯನ್ನೇ ಬಿಟ್ಟು ವೈದ್ಯ ವೃತ್ತಿಗೆ ಹೋದರು. ಒಂದು ನಂಬಿಕೆಯ ಸಾವಿನ ಜೊತೆಗೆ ತನ್ನ ಸಂಶೋಧನಾ ಬದುಕೂ ಮುಗಿದ ಕಥೆಯನ್ನು ಅವರೇ 2001ರಲ್ಲಿ ಬರೆದಿದ್ದಾರೆ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಯೇಲ್ ವಿಶ್ವವಿದ್ಯಾನಿಲಯದ ಪಾಸ್ಕೊ ರಾಕಿಕ್ ರೀಸಸ್ ಕೋತಿಗಳಿಗೆ ಇದೇ ಥೈಮಿಡಿನ್ ಕೊಟ್ಟು, ಮೂರು ದಿನದಿಂದ ಆರು ವರ್ಷದವರೆಗೆ ಕಾದು ನೋಡಿದ್ದರು. ಬೆಳೆದ ಕೋತಿಯ ಮಿದುಳಿನಲ್ಲಿ ಹೊಸ ನರಕೋಶ ಕಾಣಲಿಲ್ಲ ಎಂದು 1985ರಲ್ಲಿ ಪ್ರಕಟಿಸಿದರು. ಅವರ ತರ್ಕವೂ ಹಗುರವಾದದ್ದಲ್ಲ. ಕಲಿತದ್ದು ಬಹುಕಾಲ ಉಳಿಯಬೇಕಾದ ಪ್ರಾಣಿಗಳಲ್ಲಿ ನರಕೋಶಗಳು ಬದಲಾಗುತ್ತಾ ಹೋದರೆ ನೆನಪು ನಿಲ್ಲುವುದೆಲ್ಲಿ?

ಹಾಡುವ ಹಕ್ಕಿ

ಈ ನಡುವೆ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯದಲ್ಲಿ ಫರ್ನಾಂಡೊ ನಾಟೆಬಾಮ್ ಕೆನರಿ ಹಕ್ಕಿಗಳ ಹಾಡನ್ನು ಅಭ್ಯಾಸ ಮಾಡುತ್ತಿದ್ದರು. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಜೊತೆ ಸೇರಿ, ಬೆಳೆದ ಹೆಣ್ಣು ಕೆನರಿಯ ಹಾಡಿನ ಕೇಂದ್ರದಲ್ಲಿ ಹೊಸ ನರಕೋಶಗಳು ಸೇರಿಕೊಳ್ಳುವುದನ್ನು ತೋರಿಸಿದರು. ಟೆಸ್ಟೊಸ್ಟೆರೋನ್ ಕೊಟ್ಟ ಹಕ್ಕಿಗಳಲ್ಲೂ ಕೊಡದ ಹಕ್ಕಿಗಳಲ್ಲೂ ಅವು ಕಂಡವು. ಮರುವರ್ಷವೇ ಅದೇ ಪ್ರಯೋಗಾಲಯದಲ್ಲಿ ಈ ಹೊಸ ಕೋಶಗಳು ಶಬ್ದಕ್ಕೆ ವಿದ್ಯುತ್ ಪ್ರತಿಕ್ರಿಯೆ ಕೊಡುತ್ತವೆ ಎಂಬುದೂ ತಿಳಿಯಿತು. ಅಂದರೆ ಅವು ಸುಮ್ಮನೆ ಕುಳಿತ ಕೋಶಗಳಲ್ಲ, ಕೆಲಸಕ್ಕೆ ಸೇರಿಕೊಂಡವು. ಆದರೆ ಹಕ್ಕಿಯ ಮಾತು ಹಕ್ಕಿಗೆ, ಸಸ್ತನಿಯ ಮಾತು ಬೇರೆ ಎಂದು ಹಲವರು ಅದನ್ನು ಬದಿಗಿಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಸಾಕ್ಷಿ ಇತ್ತು, ಆದರೂ ನಂಬಿಕೆ ಹುಟ್ಟಲಿಲ್ಲ. ಕಾರಣ ಬರೀ ಹಠವಲ್ಲ ಎಂದು ನಮಗೆ ಅನಿಸುತ್ತದೆ. ಏನಾಗುತ್ತದೆ ಎಂದು ಗೊತ್ತಿತ್ತು, ಹೇಗಾಗುತ್ತದೆ ಎಂದು ಗೊತ್ತಿರಲಿಲ್ಲ. ಹೇಗೆ ಎಂಬುದು ಜೊತೆಗಿಲ್ಲದ ಸತ್ಯ ನೆಂಟರಿಲ್ಲದ ಊರಿಗೆ ಬಂದ ಅಪರಿಚಿತನಂತೆ. ಯಾರೂ ಒಳಗೆ ಕರೆಯುವುದಿಲ್ಲ. ಆ ನೆಂಟಸ್ತಿಕೆ ಕೊಟ್ಟದ್ದು ಸಂಕೇತ ಅಣುಗಳು.

ಕಣ್ಣು ತೆರೆಸಿದ ಅಣು

ಸಂಕೇತ ಅಣು ಎಂದರೆ ಒಂದು ಕೋಶ ಹೊರಗೆ ಬಿಡುವ, ಇನ್ನೊಂದು ಕೋಶ ತನ್ನ ಮೈಮೇಲಿನ ಗ್ರಾಹಕದಿಂದ ಹಿಡಿದುಕೊಳ್ಳುವ ಅಣು. ಬೆಳೆ, ನಿಲ್ಲು, ಬದಲಾಗು, ಸಾಯಿ – ಕೋಶಗಳ ನಡುವಿನ ಮಾತುಕತೆ ಹೆಚ್ಚಾಗಿ ಇಂಥ ಅಣುಗಳ ಮೂಲಕವೇ ನಡೆಯುತ್ತದೆ.

ಈ ದಾರಿಯನ್ನು ತೆರೆದವರಲ್ಲಿ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಒಬ್ಬರು. 1938ರ ಜನಾಂಗೀಯ ಕಾನೂನುಗಳಿಂದ ಯಹೂದಿಯಾದ ಅವರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು. ಟ್ಯೂರಿನ್ ನಗರದ ಮನೆಯ ಮಲಗುವ ಕೋಣೆಯಲ್ಲಿಯೇ ಪ್ರಯೋಗಾಲಯ ಮಾಡಿಕೊಂಡು ಕೋಳಿಮೊಟ್ಟೆಯ ಭ್ರೂಣಗಳ ನರಗಳನ್ನು ಅಭ್ಯಾಸ ಮಾಡಿದರು. ಯುದ್ಧದ ನಂತರ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ, 1950ರ ದಶಕದಲ್ಲಿ ನರ ಬೆಳೆಸುವ ಒಂದು ಅಂಶವನ್ನು ಕಂಡುಹಿಡಿದರು. ಅವರ ಜೊತೆಗಿದ್ದ ಸ್ಟ್ಯಾನ್ಲಿ ಕೊಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ವಾಡಿಕೆಗಿಂತ ಬೇಗ ಕಣ್ಣು ಬಿಟ್ಟವು! ಆ ಸಾರದಲ್ಲಿ ಚರ್ಮದ ಕೋಶಗಳನ್ನು ಬೆಳೆಸುವ ಇನ್ನೊಂದು ಅಣುವಿತ್ತು. ಅದೇ ಇಜಿಎಫ್. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಈಗ ಕೆನಡಾದ ಕ್ಯಾಲ್ಗರಿಗೆ ಹೋಗೋಣ. 1992ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್ ಬೆಳೆದ ಚಿಟ್ಟಿಲಿಗಳ ಮಿದುಳಿನಿಂದ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿಟ್ಟು ಇಜಿಎಫ್ ಸೇರಿಸಿದರು. ಹೆಚ್ಚಿನ ಕೋಶಗಳು ಸತ್ತವು. ಬೆರಳೆಣಿಕೆಯಷ್ಟು ಕೋಶಗಳು ಮಾತ್ರ ವಿಭಜನೆಯಾಗುತ್ತಾ ಹೋಗಿ ಪುಟ್ಟ ಉಂಡೆಗಳಾದವು. ಆ ಉಂಡೆಯ ಕೋಶಗಳಿಂದ ನರಕೋಶಗಳೂ ಬಂದವು, ಗ್ಲಯಾ ಕೋಶಗಳೂ ಬಂದವು. ತಾಯಿಕೋಶ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಬೆಳೆದ ಮಿದುಳಿನಲ್ಲಿ ಆಕರಕೋಶಗಳಿದ್ದವು. ಅವು ಕಾಯುತ್ತಿದ್ದುದು ಒಂದು ಸಂಕೇತಕ್ಕಾಗಿ.

1993–94ರಲ್ಲಿ ಕಾರ್ಲೋಸ್ ಲೋಯಿಸ್ ಮತ್ತು ಆರ್ತುರೊ ಆಲ್ವಾರೆಸ್-ಬುಯ್ಯಾ ಮಿದುಳಿನೊಳಗಿನ ದ್ರವ ತುಂಬಿದ ಕುಹರದ ಅಂಚಿನಲ್ಲಿ ಹುಟ್ಟಿದ ಕೋಶಗಳು ಘ್ರಾಣಗೋಳದವರೆಗೆ ನಡೆದು ಹೋಗಿ ನರಕೋಶಗಳಾಗುವುದನ್ನು ತೋರಿಸಿದರು. ಆಲ್ಟ್‌ಮನ್ ಹೇಳಿದ ದಾರಿಯೇ ಅದು. 1999ರಲ್ಲಿ ಇನ್ನೊಂದು ಅಚ್ಚರಿ. ಆ ಅಂಚಿನ ಆಕರಕೋಶಗಳು ಆಸ್ಟ್ರೊಸೈಟ್ ಎಂಬ ಗ್ಲಯಾ ಕೋಶದ ವೇಷದಲ್ಲಿದ್ದವು. ಕಹಾಲ್ ಅವರಂಥವರ ಕಣ್ಣಿಗೂ ಅವು ಬೀಳದಿದ್ದುದು ಯಾಕೆಂದು ಇದರಿಂದ ಅರ್ಥವಾಗುತ್ತದೆ.

ನೆರೆಹೊರೆಯ ಮಾತು

ಆಕರಕೋಶ ಇದ್ದರೆ ಸಾಲದು, ಅದು ಯಾರ ನಡುವೆ ಇದೆ ಎಂಬುದೂ ಮುಖ್ಯ. ಅಮೆರಿಕದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಅವರ ತಂಡ 1996ರಲ್ಲಿ ಇಲಿಯ ಹಿಪ್ಪೊಕ್ಯಾಂಪಸ್‌ನಿಂದ ತೆಗೆದ ಕೋಶಗಳನ್ನು ಘ್ರಾಣಗೋಳಕ್ಕೆ ಹೋಗುವ ದಾರಿಯಲ್ಲಿ ನೆಟ್ಟಿತು. ಅವು ಅಲ್ಲಿಗೆ ತಕ್ಕ ನರಕೋಶಗಳಾದವು. ಕಿರುಮಿದುಳಿನಲ್ಲಿ ನೆಟ್ಟವು ನರಕೋಶಗಳಾಗಲಿಲ್ಲ. ಒಂದೇ ಬೀಜ, ಮಣ್ಣು ಬೇರೆ!

ಆ ಮಣ್ಣಿನಲ್ಲಿರುವ ಸಂಕೇತಗಳಿಗೆ ಒಂದೊಂದಕ್ಕೂ ಒಂದೊಂದು ಕಥೆ ಇದೆ. ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಮೂಳೆಯೊಳಗೆ ಹೊಸ ಮೂಳೆ ಹುಟ್ಟಿಸುವ ಅಂಶವಿದೆ ಎಂದು ತೋರಿಸಿದ್ದರು. ಅದೇ ಮುಂದೆ ಬಿಎಂಪಿ ಎಂಬ ಪ್ರೋಟೀನುಗಳ ಕುಟುಂಬವಾಗಿ ಹೆಸರಾಯಿತು. ಮಿದುಳಿನ ಕುಹರದ ಅಂಚಿನಲ್ಲಿ ಬಿಎಂಪಿ ಹೆಚ್ಚಾದರೆ ಆಕರಕೋಶದ ಮರಿಗಳು ನರಕೋಶವಾಗದೆ ಗ್ಲಯಾ ಆಗಿಬಿಡುತ್ತವೆ. ಕುಹರದ ಗೋಡೆಯ ಕೋಶಗಳು ನಾಗಿನ್ ಎಂಬ ಇನ್ನೊಂದು ಪ್ರೋಟೀನನ್ನು ಸುರಿಸಿ ಆ ಬಿಎಂಪಿಯನ್ನು ತಡೆಯುತ್ತವೆ ಎಂದು 2000ದಲ್ಲಿ ತಿಳಿಯಿತು. ನಾಗಿನ್ ಮೊದಲು ಸಿಕ್ಕಿದ್ದು 1992ರಲ್ಲಿ, ಕಪ್ಪೆಯ ಭ್ರೂಣದಲ್ಲಿ.

ವಿಂಟ್ ಎಂಬ ಸಂಕೇತದ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮ 1973ರಲ್ಲಿ ರೆಕ್ಕೆಯಿಲ್ಲದೆ ಹುಟ್ಟುವ ಹಣ್ಣಿನ ನೊಣಗಳ ಬಗ್ಗೆ ವರದಿ ಮಾಡಿದರು. 1976ರಲ್ಲಿ ವಿ. ಎಲ್. ಚೋಪ್ರಾ ಅವರೊಡನೆ ವಿವರವಾಗಿ ಬರೆದರು. ಆ ಜೀನಿನ ಹೆಸರು ವಿಂಗ್‌ಲೆಸ್. 1982ರಲ್ಲಿ ಅಮೆರಿಕದಲ್ಲಿ ರೋಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಚಿಟ್ಟಿಲಿಗಳ ಸ್ತನದ ಗೆಡ್ಡೆಯಲ್ಲಿ ಇಂಟ್-1 ಎಂಬ ಜೀನನ್ನು ಕಂಡರು. 1987ರಲ್ಲಿ ನೋಡಿದರೆ ಎರಡೂ ಒಂದೇ ಜೀನಿನ ಎರಡು ರೂಪಗಳು! ಎರಡು ಹೆಸರು ಕೂಡಿ ವಿಂಟ್ ಆಯಿತು. 2005ರಲ್ಲಿ ಗೇಜ್ ತಂಡ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ವಿಂಟ್ ಸಂಕೇತವನ್ನು ತಡೆದಾಗ ಹೊಸ ನರಕೋಶಗಳ ಹುಟ್ಟು ಬಹುಪಾಲು ನಿಂತಿತು, ಹೆಚ್ಚಿಸಿದಾಗ ಏರಿತು. ರೆಕ್ಕೆಯಿಲ್ಲದ ನೊಣವನ್ನು ಗಮನಿಸಿದಾಗ ಅದು ಮಿದುಳಿನವರೆಗೆ ಬರುತ್ತದೆಂದು ಯಾರು ಎಣಿಸಿದ್ದರು?

ಹೆಡ್ಜ್‌ಹಾಗ್ ಕೂಡ ನೊಣದಿಂದಲೇ ಬಂದದ್ದು. 1980ರಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶಾಸ್ ಅದನ್ನು ವಿವರಿಸಿದ್ದರು. ಸಸ್ತನಿಗಳಲ್ಲಿ ಅದರ ಒಂದು ರೂಪಕ್ಕೆ ವಿಡಿಯೊ ಗೇಮಿನ ಪಾತ್ರದ ಹೆಸರಿಟ್ಟು ಸೋನಿಕ್ ಹೆಡ್ಜ್‌ಹಾಗ್ ಎಂದರು. ಇಲಿಯ ಹಿಪ್ಪೊಕ್ಯಾಂಪಸ್‌ನ ಆಕರಕೋಶಗಳ ವಿಭಜನೆಯನ್ನು ಅದು ಹೆಚ್ಚಿಸುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ನರಕೋಶಗಳು ತಮ್ಮತಮ್ಮಲ್ಲಿ ಬಳಸುವ ರಾಸಾಯನಿಕಗಳೂ ಈ ಕೆಲಸದಲ್ಲಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ ಅವರ ತಂಡ 2002ರಲ್ಲಿ, ನಾರ್‌ಎಪಿನೆಫ್ರಿನ್ ಕಡಿಮೆಯಾದರೆ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶವಿಭಜನೆ ಇಳಿಯುತ್ತದೆಂದು ತೋರಿಸಿತು.

ಇನ್ನು ನಾಚ್. ಇದು ಆಕರಕೋಶವನ್ನು ಆಕರಕೋಶವಾಗಿಯೇ ಹಿಡಿದಿಡುವ ಸಂಕೇತ. 2010ರಲ್ಲಿ ಚಿಟ್ಟಿಲಿಗಳಲ್ಲಿ ಈ ಸಂಕೇತವನ್ನು ಕಡಿದಾಗ ಮೊದಲು ಹೊಸ ನರಕೋಶಗಳು ಹೆಚ್ಚಿದವು, ಆಮೇಲೆ ಆಕರಕೋಶಗಳೇ ಮುಗಿದುಹೋದವು. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡ ಹಾಗೆ. ಮಿದುಳಿಗೆ ಬೇಕಾದುದು ಹೆಚ್ಚು ಕೋಶಗಳಲ್ಲ, ಹೊರಡು ಎನ್ನುವ ಮಾತಿಗೂ ನಿಲ್ಲು ಎನ್ನುವ ಮಾತಿಗೂ ನಡುವಿನ ಸಮತೋಲ.

ಮನುಷ್ಯರಲ್ಲಿ?

1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಗೇಜ್ ಒಂದು ಪ್ರಬಂಧ ಪ್ರಕಟಿಸಿದರು. ಕ್ಯಾನ್ಸರ್ ಗೆಡ್ಡೆಯ ವಿಭಜನೆ ಅಳೆಯಲು ಕೆಲವು ರೋಗಿಗಳಿಗೆ ಬ್ರೋಮೊಡಿಆಕ್ಸಿಯುರಿಡಿನ್ ಎಂಬ ಗುರುತಿನ ವಸ್ತುವನ್ನು ಕೊಟ್ಟಿದ್ದರು. ಥೈಮಿಡಿನ್‌ನಂತೆ ಅದೂ ಹೊಸ ಡಿಎನ್‌ಎಯಲ್ಲಿ ಸೇರಿಕೊಳ್ಳುತ್ತದೆ. ಅಂಥ ಐವರ ಮಿದುಳುಗಳನ್ನು ಅವರ ಮರಣದ ನಂತರ ಪರೀಕ್ಷಿಸಿದಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಗುರುತು ಬಿದ್ದ ನರಕೋಶಗಳು ಸಿಕ್ಕವು. ಸಾಯುವ ಮುನ್ನ ಆ ಐವರು ಕೊಟ್ಟ ಪಾಠ ಅದು. ಮರುವರ್ಷ ರಾಕಿಕ್ ಅವರ ಪ್ರಯೋಗಾಲಯದಿಂದಲೇ ಬೆಳೆದ ಕೋತಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳ ವರದಿ ಬಂತು. ಸಾಕ್ಷ್ಯ ಸಿಕ್ಕಾಗ ತಾವೇ ಪ್ರಕಟಿಸುವುದು ವಿಜ್ಞಾನದ ದೊಡ್ಡ ಗುಣ.

2013ರಲ್ಲಿ ಸ್ಟಾಕ್‌ಹೋಮ್‌ನ ಯೋನಾಸ್ ಫ್ರಿಸೆನ್ ತಂಡ ಅಣುಬಾಂಬನ್ನೇ ಗಡಿಯಾರ ಮಾಡಿಕೊಂಡಿತು! 1963ರ ಒಪ್ಪಂದಕ್ಕೆ ಮುಂಚೆ ಬಯಲಲ್ಲಿ ನಡೆದ ಅಣುಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿ, ನಂತರ ಇಳಿಯುತ್ತಾ ಬಂದಿತ್ತು. ಕೋಶದ ಡಿಎನ್‌ಎಯಲ್ಲಿರುವ ಕಾರ್ಬನ್-14 ಅಳೆದರೆ ಅದು ಹುಟ್ಟಿದ ಕಾಲ ತಿಳಿಯುತ್ತದೆ. ವಯಸ್ಕರ ಪ್ರತಿಯೊಂದು ಹಿಪ್ಪೊಕ್ಯಾಂಪಸ್‌ಗೂ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆ ಎಂದು ಅವರು ಅಂದಾಜು ಮಾಡಿದರು.

ಇಲ್ಲಿಗೆ ಕಥೆ ಮುಗಿಯಲಿಲ್ಲ. 2018ರಲ್ಲಿ ಆಲ್ವಾರೆಸ್-ಬುಯ್ಯಾ ಅವರ ತಂಡವೇ ಮನುಷ್ಯರ ಹಿಪ್ಪೊಕ್ಯಾಂಪಸ್‌ನಲ್ಲಿ ಎಳೆಯ ನರಕೋಶಗಳು 13ರ ವಯಸ್ಸಿನ ನಂತರ ಕಾಣಲಿಲ್ಲ ಎಂದಿತು. ಅದೇ ವರ್ಷ ಇನ್ನೊಂದು ತಂಡ 79ರ ವಯಸ್ಸಿನವರೆಗೂ ಕಂಡಿತು ಎಂದಿತು. 2019ರಲ್ಲಿ ಮ್ಯಾಡ್ರಿಡ್‌ನ ತಂಡವೊಂದು, ಮಿದುಳಿನ ತುಣುಕನ್ನು ರಾಸಾಯನಿಕದಲ್ಲಿ ಹೆಚ್ಚು ಹೊತ್ತು ಇಟ್ಟರೆ ಎಳೆಯ ಕೋಶದ ಗುರುತೇ ಅಳಿಸಿಹೋಗುತ್ತದೆ ಎಂದು ತೋರಿಸಿತು. ಆಲ್‌ಝೈಮರ್ ಕಾಯಿಲೆಯವರಲ್ಲಿ ಈ ಕೋಶಗಳು ತೀರ ಕಡಿಮೆ ಎಂದೂ ಹೇಳಿತು. 2025ರಲ್ಲಿ ಫ್ರಿಸೆನ್ ತಂಡ ವಯಸ್ಕರಲ್ಲಿ ವಿಭಜನೆಯಾಗುತ್ತಿರುವ ಪೂರ್ವಕೋಶಗಳನ್ನೇ ಗುರುತಿಸಿ, ಅವುಗಳ ಪ್ರಮಾಣ ಒಬ್ಬರಿಂದೊಬ್ಬರಿಗೆ ಬಹಳ ಬೇರೆ ಎಂದು ತಿಳಿಸಿತು. ಎಷ್ಟು ಹುಟ್ಟುತ್ತವೆ, ಅವುಗಳಿಂದ ಉಪಯೋಗವೆಷ್ಟು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಮಕ್ಕಳಿಗೆ ಏನು ಹೇಳೋಣ?

ಅಜ್ಜನ ಪಕ್ಷವಾತದ ಪ್ರಶ್ನೆಗೆ ಪ್ರಾಮಾಣಿಕ ಉತ್ತರ 2002ರ ಒಂದು ಪ್ರಯೋಗದಲ್ಲಿದೆ. ಸ್ವೀಡನ್ನಿನ ಲುಂಡ್‌ನಲ್ಲಿ ಇಲಿಗಳಿಗೆ ಪಕ್ಷವಾತ ಉಂಟುಮಾಡಿ ನೋಡಿದಾಗ, ಹೊಸ ಕೋಶಗಳು ಗಾಯದ ಕಡೆಗೆ ಸಾಗಿ ಬಂದವು. ಆದರೆ ಹೆಚ್ಚಿನವು ಸತ್ತವು. ಸತ್ತ ನರಕೋಶಗಳಲ್ಲಿ ನೂರಕ್ಕೆ 0.2ರಷ್ಟು ಮಾತ್ರ ತುಂಬಿದವು. ಮಿದುಳು ಪ್ರಯತ್ನಿಸುತ್ತದೆ, ಅದರ ಕೈಲಾಗುವುದು ಅಷ್ಟೇ. ಪಕ್ಷವಾತವಾದವರು ಅಭ್ಯಾಸದಿಂದ ಮತ್ತೆ ಮಾತು, ನಡಿಗೆ ಕಲಿಯುವುದು ಮುಖ್ಯವಾಗಿ ಉಳಿದ ನರಕೋಶಗಳು ಹೊಸ ಸಂಪರ್ಕ ಕಟ್ಟಿಕೊಳ್ಳುವುದರಿಂದ. ಆದ್ದರಿಂದ ಅಜ್ಜನ ಜೊತೆ ಕುಳಿತು ದಿನವೂ ಮಾತನಾಡಿಸುವುದು ವ್ಯರ್ಥವಲ್ಲ ಎಂದು ಆ ಮಗುವಿಗೆ ಧೈರ್ಯವಾಗಿ ಹೇಳಬಹುದು.

1997 ಮತ್ತು 1999ರ ಪ್ರಯೋಗಗಳಲ್ಲಿ, ಆಡಲು ಓಡಲು ಅವಕಾಶವಿದ್ದ ಚಿಟ್ಟಿಲಿಗಳಲ್ಲಿ ಹೊಸ ನರಕೋಶಗಳು ಹೆಚ್ಚಿದ್ದವು. 1998ರಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ ಒಂದು ಗಂಟೆಯ ಭಯವೇ ಕೋಶವಿಭಜನೆಯನ್ನು ಇಳಿಸಿತು. ಇವು ಪ್ರಾಣಿಗಳ ಫಲಿತಾಂಶಗಳು, ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವ ಮೊದಲು ನಾವು ಶಿಕ್ಷಕರು ಒಮ್ಮೆ ಯೋಚಿಸಬಹುದು. ಇನ್ನು ಮಿದುಳಿನ ಆಕರಕೋಶಗಳನ್ನು ಎಬ್ಬಿಸಿ ಮರೆವು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ಹಣ ಕೊಡಬೇಡಿ ಎಂದು ಪೋಷಕರಿಗೂ ತಿಳಿಸಬೇಕು.

ಮಕ್ಕಳ ನೋಟ್ ಪುಸ್ತಕಕ್ಕೆ ಮೂರು ವಾಕ್ಯ ಸಾಕು. ಬೆಳೆದ ನರಕೋಶ ತಾನಾಗಿ ವಿಭಜನೆಯಾಗುವುದಿಲ್ಲ. ಆದರೆ ಬೆಳೆದ ಸಸ್ತನಿಗಳ ಮಿದುಳಿನ ಕೆಲವೇ ಜಾಗಗಳಲ್ಲಿ ಆಕರಕೋಶಗಳಿದ್ದು, ಅಕ್ಕಪಕ್ಕದ ಸಂಕೇತ ಅಣುಗಳು ಹೇಳಿದಂತೆ ಹೊಸ ನರಕೋಶಗಳನ್ನು ಕೊಡುತ್ತವೆ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದರ ಸಂಶೋಧನೆ ಮುಂದುವರಿದಿದೆ.

ಅಂದ ಹಾಗೆ, 2011ರಲ್ಲಿ ಸ್ಪೇನಿನ ಪ್ರತಿಷ್ಠಿತ ಆಸ್ಟೂರಿಯಾಸ್ ರಾಜಕುಮಾರ ಪ್ರಶಸ್ತಿ ಮೂವರಿಗೆ ಬಂತು. ಅವರಲ್ಲಿ ಒಬ್ಬರು ಆಲ್ವಾರೆಸ್-ಬುಯ್ಯಾ, ಇನ್ನೊಬ್ಬರು 1925ರಲ್ಲಿ ಹುಟ್ಟಿದ ಜೋಸೆಫ್ ಆಲ್ಟ್‌ಮನ್. ಮೊದಲ ಪ್ರಬಂಧವಾಗಿ ಆಗಲೇ 49 ವರ್ಷ ಕಳೆದಿತ್ತು. ಬಹುಮಾನ ಕೊಟ್ಟ ದೇಶ ಯಾವುದು ನೋಡಿ – ಕಹಾಲ್ ಅವರ ಸ್ಪೇನ್!